ಸಾಕೋ, ಹಾಕೋ

ಹಲ್ಲು ಕಟ್ಟೋದು ಹಲ್ಲಣ್ಣನ ಕಸುಬು. ಕೀಳೋದಲ್ಲ, ಕಟ್ಟೋದು. ಕೀಳೋ ಕೆಲಸ, ಬೋರ್ಡು, ಬಿಳಿ ಕೋಟು ಎಲ್ಲ ಹಲ್ಲು ಡಾಕ್ಟರದ್ದು. ಅವರು ಬಾಯಿಯ ಅಳತೆ ತೆಗೆದು ಕಳಿಸ್ತಾರೆ. ಇವನು ಹಿಂದಿನ ಬೀದಿಯ ಒಂದು ಕೋಣೇಲಿ ಕೂತು ಪ್ಲಾಸ್ಟರ್ ಅಚ್ಚು ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಮೆಷಿನ್ನಿಗೆ ಹಿಡಿದು ಉಜ್ಜಿ, ಫಳಫಳ ಹೊಳೆಯೋ ಸೆಟ್ಟು ಮಾಡಿ ಕಳಿಸ್ತಾನೆ. ಡಾಕ್ಟರು ಅವನನ್ನ "ನಮ್ಮ ದಂತಕಥೆ" ಅಂತಾರೆ. ಆ ದಂತಕಥೆಯ ಒಳಗಿನ ಕಥೆ ಮಾತ್ರ ಡಾಕ್ಟರಿಗೂ ಗೊತ್ತಿಲ್ಲ. ಹಲ್ಲಣ್ಣನ ಬಾಯಲ್ಲಿ ಹುಟ್ಟಿ ಬಂದ ಹಲ್ಲು ಒಂದೂ ಉಳಿದಿಲ್ಲ. ಇರೋದೆಲ್ಲ ಸ್ವಂತ ದುಡಿಮೆ. ಅದು ಗೊತ್ತಿದ್ದದ್ದು ಹೆಂಡತಿಗೆ, ಬಿಟ್ರೆ ಅಕ್ಕನಿಗೆ.

ಅಕ್ಕ ಈಗ ಇಲ್ಲ. ಇಲ್ಲ ಅಂದ್ರೆ ಪೂರ್ತಿ ಇಲ್ಲ ಅಂತ ಅಲ್ಲ, ಬರ್ತಾ ಇರ್ತಾಳೆ.

ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಇವನನ್ನ ಸಾಕಿದ್ದೇ ಅಕ್ಕ. "ನಿನ್ನ ಸಾಕಿ ಸಾಕಿ ಸಾಕಾಯ್ತು ಕಣೋ" ಅನ್ನೋದು ಅವಳ ನಿತ್ಯದ ಮಾತು. ಸಿಟ್ಟು ಬಂದಾಗಲೂ ಅದೇ, ಮುದ್ದು ಬಂದಾಗಲೂ ಅದೇ. ಯಾವ ಸಲ ಯಾವುದು ಅಂತ ಅವಳ ಮುಖ ನೋಡಿ ತಿಳ್ಕೋಬೇಕಾಗಿತ್ತು. ಅವಳ ಬಾಯಿ ಬೋಳಾದಾಗ ತಮ್ಮನೇ ಸೆಟ್ಟು ಮಾಡಿಕೊಟ್ಟ. ಅಕ್ಕನ ಮುಂದಿನ ಎಡಗಡೆ ಹಲ್ಲೊಂದು ಚಿಕ್ಕಂದಿನಿಂದ ಓರೆ, ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿದ ಹಾಗೆ. ಹೊಸ ಸೆಟ್ಟಲ್ಲಿ ಅದನ್ನ ನೆಟ್ಟಗೆ ಮಾಡ್ತೀನಿ ಅಂದ್ರೆ ಅವಳು ಒಪ್ಪಲಿಲ್ಲ. "ಸೊಟ್ಟಗೇ ಇರ್ಲಿ ಬಿಡು. ಇಲ್ಲಾಂದ್ರೆ ಕನ್ನಡೀಲಿ ಯಾರೋ ಬಂದು ನಿಂತಂಗಿರುತ್ತೆ" ಅಂದಳು.

ಆ ಸೆಟ್ಟು ಬಿರುಕು ಬಿಟ್ಟಿತು. ಸರಿ ಮಾಡೋಕೆ ಅಂತ ಇವನು ತಂದಿಟ್ಕೊಂಡ. ಬಿರುಕು ಮುಚ್ಚೋ ಕೆಲಸ ಮುಗಿದು, ಮಧ್ಯಾಹ್ನ ಅದನ್ನ ಪಾಲಿಶ್ ಮೆಷಿನ್ನಿಗೆ ಹಿಡಿದಿದ್ದಾಗ ಅಕ್ಕನ ಫೋನು ಬಂತು. ಅವಳು ಇದ್ದದ್ದು ಊರಿನ ಆ ಕಡೆ, ಮಗಳ ಮನೇಲಿ. ಫೋನನ್ನ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸ್ಕೊಂಡ. ಕಡೇಲಿ ಒಂದು ಮಾತು ಕೇಳಿಸ್ತು, ಫೋನು ಕಟ್ಟಾಯ್ತು. ಸೆಟ್ಟನ್ನ ಡಬ್ಬಿಗೆ ಹಾಕ್ಕೊಂಡು ಸಂಜೆ ಹೋಗೋಷ್ಟರಲ್ಲಿ ಅಕ್ಕ ಹೋಗಿಯಾಗಿತ್ತು. ಹೃದಯ ನಿಂತಿದೆ ಅಂದ್ರು. ಬಟ್ಟೆ ಒಣಗಿಸೋಕೆ ಮಹಡಿಗೆ ಹೋಗಿದ್ದ ಮಗಳಿಗೂ ಏನೂ ಗೊತ್ತಾಗಿರಲಿಲ್ಲ.

ಕಡೇಲಿ ಕೇಳಿಸಿದ ಮಾತು "ಹಾಕು."

ಕಸುಬು ಕೈಕೊಟ್ಟದ್ದು ಇಲ್ಲೇ. ಬೇರೆ ಯಾವ ತಮ್ಮನಾಗಿದ್ರೂ ಹಾಕು ಅಂದ್ರೆ ಹಾಕು ಅಂದ್ಕೊಂಡು ಸುಮ್ಮನಾಗ್ತಿದ್ದ. ಹಲ್ಲಣ್ಣನಿಗೆ ಗೊತ್ತು, ಹಲ್ಲಿಲ್ಲದ ಬಾಯಲ್ಲಿ ಸಕಾರ ನಿಲ್ಲಲ್ಲ. ಗಾಳಿ ಸೋರಿ ಸ ಹೋಗಿ ಹ ಆಗುತ್ತೆ. ಹೊಸ ಸೆಟ್ಟು ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ಡಾಕ್ಟರು "ಸೊಸೆ ಅನ್ನಿ" ಅಂತ ಹೇಳಿಸೋದೂ ಅದಕ್ಕೇ. (ಅತ್ತೆಯರ ಹತ್ರ ಈ ಪರೀಕ್ಷೆ ನಡೆಯಲ್ಲ. ಅವರು ಆ ಪದಾನ ಹೆಂಗಿದ್ರೂ ಹಲ್ಲು ಕಚ್ಚೇ ಹೇಳ್ತಾರೆ.) ಹಾಗಾಗಿ ಅಕ್ಕ ಅಂದದ್ದು "ಹಾಕು" ಇರಬಹುದು. ಬೇಗ ಬಂದು ಹಲ್ಲು ಹಾಕು, ಕಾಯ್ತಿದ್ದೀನಿ ಅಂತ. ಅಥವಾ "ಸಾಕು" ಇರಬಹುದು. ನಂಗೆ ಸಾಕಾಯ್ತು, ಬದುಕೂ ಸಾಕು, ನೀನೂ ಸಾಕು ಅಂತ. ಒಂದಾದ್ರೆ ಅವಳು ಕಾದು ಕಾದು ಹೋದಳು, ಇನ್ನೊಂದಾದ್ರೆ ಬೇಸತ್ತು ಹೋದಳು. ಯಾವುದು ಅಂತ ಹಲ್ಲಣ್ಣನಿಗೆ ತಿಳೀಲಿಲ್ಲ.

ಮಾತು ಅಲ್ಲಿಗೇ ನಿಲ್ಲಲೂ ಇಲ್ಲ. ಮಧ್ಯಾಹ್ನ ಮೆಷಿನ್ ಶುರು ಮಾಡಿದ ಕೂಡ್ಲೆ ಅದರ ಗುಂಯ್‌ಗುಡೋ ಸದ್ದಿನ ಒಳಗಿಂದ "ಹಾಕು" ಅಂತ ಬರೋದು. "ಬಂದೆ ಅಕ್ಕ, ಇನ್ನೇನು ಆಗೋಯ್ತು" ಅಂತ ಇವನು ಜೋರಾಗಿ ಹೇಳೋನು. ಪಕ್ಕದ ಕಟಿಂಗ್ ಶಾಪಿನವನು ಮೊದಮೊದಲು ಯಾರೋ ನೆಂಟರು ಬಂದಿದ್ದಾರೆ ಅಂದ್ಕೊಂಡ. ಬಗ್ಗಿ ನೋಡಿದ, ಕೋಣೇಲಿ ಇನ್ನೊಂದು ಕುರ್ಚೀನೂ ಇರಲಿಲ್ಲ. ಅವತ್ತಿಂದ ಅವನು ಗಿರಾಕಿ ಇಲ್ಲದಾಗ ಬಾಗಿಲು ಮುಂದೆ ಮಾಡ್ಕೊಂಡು ಕೂರ್ತಾನೆ.

ಕಿವಿಗೆ ಬಂದ ಅಕ್ಕ ಆಮೇಲೆ ಕೈಗೂ ಬಂದಳು. ಮೇಣದಲ್ಲಿ ಜೋಡಿಸುವಾಗ ಹಲ್ಲೆಲ್ಲ ಶಿಸ್ತಾಗೇ ಇರೋವು. ಮುಗಿಸಿ ಬೆಳಕಿಗೆ ಹಿಡಿದ್ರೆ, ಎಡಗಡೇದು ಪಕ್ಕದ್ದರ ಹೆಗಲ ಮೇಲೆ ಕೈ ಹಾಕಿರೋದು. ಯಾರ ಬಾಯಿಯ ಅಳತೆ ಬರಲಿ, ಹೋಗೋದು ಅಕ್ಕನ ಹಲ್ಲು. ನಿವೃತ್ತ ಪೊಲೀಸರೊಬ್ಬರು ಸೆಟ್ಟು ಹಾಕ್ಕೊಂಡು ಕನ್ನಡೀಲಿ ನಕ್ಕು, ನಗುವನ್ನ ಅರ್ಧಕ್ಕೇ ನಿಲ್ಲಿಸಿ, ಇದು ಯಾವುದೋ ಹೆಂಗಸಿನ ನಗು, ನನ್ನ ಬಾಯಲ್ಲಿ ಯಾಕಿದೆ ಅಂತ ಕೇಳಿದ್ರಂತೆ. ಡಾಕ್ಟರು ಒಂದೊಂದೇ ಸೆಟ್ಟು ವಾಪಸ್ ಕಳಿಸಿದ್ರು. ಆದ್ರೆ ಅವರ ಕಣ್ಣು ತಪ್ಪಿ ಒಂದು ಊರೊಳಗೆ ಹೋಗಿಬಿಟ್ಟಿತ್ತು.

ಅದು ಹಲ್ಲಣ್ಣನಿಗೆ ಬಸ್ ಸ್ಟಾಪಲ್ಲಿ ಸಿಕ್ತು. ಯಾರೋ ಮುದುಕ, ತೋಳಲ್ಲಿದ್ದ ಮೊಮ್ಮಗುವಿನ ತೊದಲಿಗೆ ನಕ್ಕ. ನಕ್ಕದ್ದು ಮುದುಕ, ಕಂಡದ್ದು ಅಕ್ಕ. ಹಲ್ಲಣ್ಣ ತನ್ನ ಬಸ್ಸು ಬಿಟ್ಟು ಅವನ ಹಿಂದೆ ನಡೆದ. ಮುದುಕ ತಿರುಗಿ ಏನಪ್ಪಾ ಬೇಕು ಅಂದ. ಇನ್ನೊಂದ್ಸಲ ನಗ್ತೀರಾ ಅಂತ ಇವನು ಕೇಳಿದ. ಮುದುಕ ಮೊಮ್ಮಗುವನ್ನ ಎದೆಗವಚ್ಕೊಂಡು ಬೇಗ ಬೇಗ ರಸ್ತೆ ದಾಟಿದ.

ಮಾರನೇ ದಿನ ಹಲ್ಲಣ್ಣನೇ ಹೋಗಿ ಇದನ್ನ ಡಾಕ್ಟರಿಗೆ ಹೇಳಿದ. ಅವರು ಕೈಗವಸು ಕಳಚಿಟ್ರು. ಆಮೇಲೆ, ಹಲ್ಲಿನ ಬೇರಾಗಿದ್ರೆ ನಾನೇ ನೋಡ್ತಿದ್ದೆ, ಇದರ ಬೇರು ಬೇರೆ ಕಡೆ ಇದೆ ಅಂತ ಹೇಳಿ, ಮನಸ್ಸಿನ ಕಷ್ಟ ಕೇಳೋ ಒಬ್ಬ ಮೇಡಂ ವಿಳಾಸ ಕೊಟ್ಟು, ಅವರನ್ನ ನೋಡ್ಕೊಂಡು ಬರೋವರೆಗೂ ಹೊಸ ಬಾಯಿಯ ಅಳತೆ ಕಳಿಸಲ್ಲ ಅಂದ್ರು.

ಮೊದಲ ಭೇಟೀಲಿ ಏನಾಗುತ್ತೆ ಅನ್ನೋದರ ಬಗ್ಗೆ, ಹೋಗದೇ ಇದ್ದವರಿಗೆಲ್ಲ ಬಹಳ ಚೆನ್ನಾಗಿ ಗೊತ್ತಿತ್ತು. ಕಟಿಂಗ್ ಶಾಪಿನವನ ಪ್ರಕಾರ, ಉದ್ದದ ಸೋಫಾ ಮೇಲೆ ಮಲಗಿಸಿ, ಕಣ್ಣ ಮುಂದೆ ಗಡಿಯಾರ ತೂಗಿ, ನಿದ್ದೆ ಬರಿಸಿ, ಬಾಯಿ ಬಿಡಿಸ್ತಾರೆ. ಹಲ್ಲಣ್ಣ ಹೆದರಿದ್ದು ಮನಸ್ಸಿಗಲ್ಲ. ಅಂಗಾತ ಮಲಗಿ ಬಾಯಿ ಬಿಟ್ರೆ ಸೆಟ್ಟು ಗಂಟಲಿಗೆ ಜಾರುತ್ತಲ್ಲ ಅಂತ. ಹೆಂಡತಿ ಮಾತ್ರ ವಿಚಾರಿಸಿಕೊಂಡು ಬಂದಿದ್ದಳು. ಸುಮ್ಮನೆ ಕೂತು ಮಾತಾಡೋದಂತೆ, ಒಂದೇ ಸಿಟ್ಟಿಂಗಲ್ಲಿ ಮುಗಿಯಲ್ಲವಂತೆ ಅಂದಳು. ಸಿಟ್ಟೇ ಇಲ್ಲದ ನನಗೆ ಸಿಟ್ಟಿಂಗು ಯಾಕೆ ಅಂತ ಇವನು ಕುಯುಕ್ತಿ ಮಾಡಿದ. ನನ್ನ ಸಿಟ್ಟು ಹಿಂಗೋಕಾದ್ರೂ ಹೋಗಿ ಅಂತ ಅವಳು ಬಾಯಿ ಮುಚ್ಚಿಸಿದಳು. ಜೊತೆಗೇ ಹೊರಟಳು ಕೂಡ. ಹಿಂಗೆ ಜಗಳ ಆಡ್ತಾ ಆಡ್ತಾ ಹೋಗಿದ್ದಕ್ಕೇ ಅವನು ಅರ್ಧ ದಾರೀಲಿ ವಾಪಸ್ ಬರಲಿಲ್ಲ.

ಕೋಣೆ ಸಣ್ಣದು. ಹಲ್ಲಣ್ಣ ಅಭ್ಯಾಸ ಬಲದಿಂದ ಮೊದಲು ಮುಖದ ಮೇಲೆ ಬಗ್ಗೋ ದೀಪ ಹುಡುಕಿದ, ಆಮೇಲೆ ಉಗಿಯೋ ಬೇಸಿನ್ನು. ಎರಡೂ ಇರಲಿಲ್ಲ. ಎದುರು ಬದುರು ಅಲ್ಲದೆ ಸ್ವಲ್ಪ ಓರೆಯಾಗಿ ಇಟ್ಟ ಎರಡು ಕುರ್ಚಿ, ಒಂದು ಗಿಡ, ಕೈಗೆಟುಕೋ ಹಾಗೆ ಕಾಗದದ ಕರವಸ್ತ್ರದ ಡಬ್ಬಿ. ಮೇಡಂಗೆ ಅಕ್ಕನಿಗಿಂತ ಕಮ್ಮಿ, ಇವನಿಗಿಂತ ಜಾಸ್ತಿ ವಯಸ್ಸು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಎಲ್ಲಾ ಇವತ್ತೇ ಹೇಳಬೇಕು ಅಂತ ಇಲ್ಲ, ಹೇಳೋಕೆ ಇಷ್ಟ ಇಲ್ಲದ್ದನ್ನ ಹೇಳಬೇಡಿ ಅಂದ್ರು. ಇವನು ಹೂಂ ಅಂದ. ಬಂದದ್ದು ಯಾಕೆ ಅಂತ ಕೇಳಿದ್ರು. ಡಾಕ್ಟರು ಕಳಿಸಿದ್ರು ಅಂದ. ಅವರು ಕಾದ್ರು. ಹಲ್ಲಣ್ಣ ಗಿಡದ ಎಲೆ ನೋಡಿದ. ಕೀಳೋವಾಗ ಡಾಕ್ಟರು ಇಷ್ಟು ಹೊತ್ತು ಸುಮ್ಮನಿದ್ರೆ ಗಿರಾಕಿ ಎದ್ದು ಓಡ್ತಾನೆ. ಇಲ್ಲಿ ಉಲ್ಟಾ, ಆ ಮೌನವೇ ಒಂದು ಇಕ್ಕಳ. ಮೆಲ್ಲಗೆ ಹಿಡೀತು, ಮೆಲ್ಲಗೆ ಅಲ್ಲಾಡಿಸ್ತು, ಮಾತು ಬುಡಸಮೇತ ಬಂತು. ಅಕ್ಕ, ಫೋನು, ಮೆಷಿನ್ನು, ಪೊಲೀಸಿನವರ ನಗು, ಬಸ್ ಸ್ಟಾಪಿನ ಮುದುಕ, ಎಲ್ಲ.

"ನನಗೆ ಒಂದೇ ಒಂದು ಗೊತ್ತಾಗಬೇಕು ಮೇಡಂ" ಅಂದ. "ಸಾಕು ಅಂದಳಾ, ಹಾಕು ಅಂದಳಾ?"

ಅವರು ಎರಡರಲ್ಲಿ ಒಂದನ್ನ ಆರಿಸಿ ಕೊಡ್ತಾರೆ ಅಂತ ಅವನು ನಂಬಿಕೊಂಡು ಬಂದಿದ್ದ. ಓದಿದವರು, ಅದಕ್ಕೇ ಅಂತ ಕೂತವರು. ಅವರು ಆರಿಸಲಿಲ್ಲ. ಎರಡೂ ಹಾಗೆ ಒಂದೇ ಥರ ಕೇಳಿಸುತ್ತಾ, ನನಗೆ ಗೊತ್ತಿಲ್ಲ, ತಿಳಿಸ್ತೀರಾ ಅಂತ ಕೇಳಿದ್ರು.

ಬಾಯಿ ಮಾತಲ್ಲಿ ತಿಳಿಸೋ ವಿಷಯ ಅಲ್ಲ ಅದು. ಹಲ್ಲಣ್ಣ ಬಾಗಿಲ ಕಡೆ ನೋಡಿದ, ಮುಚ್ಚಿತ್ತು. ಕಾಗದದ ಕರವಸ್ತ್ರ ಎಳ್ಕೊಂಡ. ಮೇಡಂ ಅವನು ಅಳ್ತಾನೆ ಅಂದ್ಕೊಂಡು ಕಣ್ಣು ತಗ್ಗಿಸಿದ್ರು. ಅವನು ಗೋಡೆ ಕಡೆ ಮುಖ ಮಾಡಿ, ಕೆಳಗಿನ ಸೆಟ್ಟು, ಮೇಲಿನ ಸೆಟ್ಟು ಎರಡೂ ತೆಗೆದು ಕರವಸ್ತ್ರದಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡ. ಹೆಂಡತಿ ಬಿಟ್ರೆ ಯಾರೂ ನೋಡದ ಮುಖ ಅದು. ಕೆನ್ನೆ ಒಳಗೆ ಹೋಗಿ, ಗಲ್ಲ ಮೂಗಿನ ಹತ್ರ ಬಂದು, ವಯಸ್ಸು ಒಂದೇ ಸಲ ಮೈಮೇಲೆ ಬಿತ್ತು. ಆ ಮುಖವನ್ನ ಅವರ ಕಡೆ ತಿರುಗಿಸಿದ.

ಮೊದಲು ಸಾಕು ಅಂದ. "ಹಾಕು" ಅಂತ ಬಂತು. ಆಮೇಲೆ ಹಾಕು ಅಂದ. ಅದೂ "ಹಾಕು" ಅಂತಲೇ ಬಂತು.

ಹೇಳಿದ್ದು ಅವನು. ದನಿ ಅವನದಲ್ಲ. ಮೆಷಿನ್ನಿನ ಒಳಗಿಂದ ಬರ್ತಿದ್ದದ್ದೇ ಈಗ ಅವನ ಬಾಯಿಂದ ಬಂದು ಕೋಣೇಲಿ ನಿಂತಿತ್ತು. ಇಷ್ಟು ದಿನ ಅಕ್ಕ ಎಲ್ಲಿಂದ ಬರ್ತಾಳೆ ಅಂತ ಕೋಣೆಯ ಮೂಲೆ ಮೂಲೆ ನೋಡಿದ್ದ, ಒಳಗೆ ನೋಡಿರಲಿಲ್ಲ. ಮೇಡಂ ಕೈ ಕುರ್ಚಿಯ ತೋಳನ್ನ ಹಿಡ್ಕೊಂಡದ್ದು ಕಾಣಿಸ್ತು. ಅವರಿಗೂ ಯಾರೋ ಬಂದಂಗಾಯ್ತೋ ಏನೋ.

ಹಲ್ಲಿಲ್ಲದ ಬಾಯಲ್ಲೇ ಅವನು ಬೇಡಿಕೊಂಡ. "ಯಾವುದಾದ್ರೂ ಒಂದು ಗೊತ್ತಾದ್ರೆ ಹಾಕು ಮೇಡಂ."

"ಗೊತ್ತಾದ್ರೆ ಸಾಕು, ಅಂದ್ರಿ."

"ಹೂಂ."

"ನನಗೆ ಅರ್ಥ ಆಯ್ತು ನೋಡಿ. ಹಿಂದಿನ ಮಾತು ಕೇಳಿಸಿತ್ತು, ಅದಕ್ಕೆ." ಮೇಡಂ ಕೇಳಿದ್ರು. "ಅಕ್ಕ ಅದಕ್ಕೆ ಮುಂಚೆ ಏನು ಹೇಳ್ತಿದ್ರು?"

ಅದಕ್ಕೆ ಮುಂಚೆ ಮೆಷಿನ್ ಓಡ್ತಿತ್ತು. ಹೊಳಪು ಬರೋ ಹೊತ್ತು, ನಿಲ್ಲಿಸಿದ್ರೆ ಕಲೆ ಕೂರುತ್ತೆ. ಫೋನು ಕಿವೀಲಿತ್ತು, ಕಣ್ಣು ಸೊಟ್ಟ ಹಲ್ಲಿನ ಮೇಲಿತ್ತು. ಅಕ್ಕ ಏನೋ ಹೇಳ್ತಾನೇ ಇದ್ದಳು, ಉದ್ದಕ್ಕೆ, ನಿಧಾನಕ್ಕೆ. ಇವನು ಹೂಂ ಹೂಂ ಅಂತಿದ್ದ. ಮೆಷಿನ್ ಆರಿಸಿದಾಗ ಉಳಿದಿದ್ದದ್ದು ಬಾಲ ಮಾತ್ರ. ಆ ಬಾಲ ಹಿಡ್ಕೊಂಡು ಇಷ್ಟು ದಿನ ಜಗ್ಗಾಡಿದ್ದ.

"ಗೊತ್ತಿಲ್ಲ" ಅಂದ. ಗೊತ್ತಿಲ್ಲ ಅನ್ನೋಕೆ ಹಲ್ಲು ಬೇಕಾಗಲಿಲ್ಲ.

ಮೇಡಂ ಅದಕ್ಕೆ ಸಮಾಧಾನ ಹೇಳಲಿಲ್ಲ, ಅಕ್ಕ ಒಳ್ಳೇದನ್ನೇ ಹೇಳಿರ್ತಾರೆ ಬಿಡಿ ಅಂತ ಬೆಣ್ಣೆ ಹಚ್ಚಲೂ ಇಲ್ಲ. ಅವನು ಹಲ್ಲು ಹಾಕ್ಕೊಂಡ. ಮುಂದಿನ ವಾರ ಇದೇ ಹೊತ್ತಿಗೆ ಬರೋಕಾಗುತ್ತಾ ಅಂತ ಕೇಳಿದ್ರು. ಬರ್ತೀನಿ ಅಂದ, ಬೇಕಂತಲೇ ಅಲ್ಲ, ಬಾಯಿಗೆ ಬಂತು.

ಹೊರಗೆ ಹೆಂಡತಿ ಎದ್ದು ನಿಂತಳು.

"ಏನಂದ್ರು?"

"ಏನೂ ಅನ್ನಲಿಲ್ಲ. ಕೇಳಿದ್ರು."

"ಏನು ಕೇಳಿದ್ರು?"

"ಏನೂ ಇಲ್ಲ ಕಣೆ. ಸುಮ್ಮನೆ ಕೂತು ಕೇಳಿದ್ರು."

ಕೇಳೋದರಲ್ಲಿ ಎರಡು ಥರ ಇದೆ ಅಂತ ಅವಳಿಗೆ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಅವಳು ಒಂದು ಥರ ಕೇಳಿ, ಇವನು ಇನ್ನೊಂದು ಥರ ಕೇಳದೆ ಸಂಸಾರ ಮಾಡಿದ್ರು. ಅವಳು ಅವನ ಮುಖ ನೋಡಿ ಅಂಗಿಯ ಕಾಲರು ಸರಿ ಮಾಡಿದಳು.

ಡಾಕ್ಟರು ಮಾತಿಗೆ ತಪ್ಪಲಿಲ್ಲ, ಒಂದು ಹೊಸ ಬಾಯಿ ಕಳಿಸಿದ್ರು. ಹಲ್ಲಣ್ಣ ಅಚ್ಚು ಹೊಯ್ದ, ಮೇಣ ಕಾಯಿಸಿದ, ಹಲ್ಲು ಜೋಡಿಸಿ ಸೆಟ್ಟು ಮುಗಿಸಿದ. ಎಡಗಡೇದು ಈ ಸಲವೂ ಓರೆಯಾಗಿ ಬಂತೋ ಏನೋ, ಬೆಳಕಿಗೆ ಹಿಡಿದು ನೋಡೋ ಧೈರ್ಯ ಬರಲಿಲ್ಲ. ಮಧ್ಯಾಹ್ನ ಪಾಲಿಶ್‌ಗೆ ಕೂತ. ಪಕ್ಕದ ಅಂಗಡಿಯಲ್ಲಿ ಕತ್ತರಿಯ ಸದ್ದಿತ್ತು. ಮೆಷಿನ್ನಿನ ಚಕ್ರ ವೇಗ ಹಿಡೀತು, ಗುಂಯ್ ಅಂತು, ಅದರೊಳಗಿಂದ ಬಂತು.

"ಹಾಕು."

ಬಂದೆ ಅನ್ನೋಕೆ ನಾಲಿಗೆ ಎದ್ದಿತ್ತು. ಅದನ್ನ ಹಲ್ಲಿಗೆ ಒತ್ತಿ ಹಿಡಿದ. ಹೊಳಪು ಇನ್ನೂ ಬಂದಿರಲಿಲ್ಲ. ಬರದೇ ಇದ್ರೆ ಇರ್ಲಿ ಅಂತ ಸ್ವಿಚ್ಚು ಆರಿಸಿದ.

"ಏನಂದೆ ಅಕ್ಕ? ಮೊದಲಿಂದ ಹೇಳು."

ಆ ಚಕ್ರ ಸ್ವಿಚ್ಚು ಆರಿಸಿದ ಕೂಡ್ಲೆ ನಿಲ್ಲೋದಲ್ಲ. ಸ್ವಲ್ಪ ಹೊತ್ತು ತನ್ನ ಪಾಡಿಗೆ ತಾನು ಸುತ್ತುತ್ತೆ. ಹಲ್ಲಣ್ಣ ಕೈಯಲ್ಲಿದ್ದ ಸೆಟ್ಟನ್ನ ಮೇಜಿನ ಮೇಲಿಟ್ಟು, ಅದರ ಕಡೆ ನೋಡದೆ, ಕಿವಿ ಕೊಟ್ಟು ಕೂತ. ಗುಂಯ್ ಅನ್ನೋದು ಸಣ್ಣದಾಗ್ತಾ ಬಂತು, ಯಾರೋ ಮಾತು ಶುರು ಮಾಡೋಕೆ ಮುಂಚೆ ಉಸಿರು ಎಳ್ಕೊಳ್ಳೋ ಹಾಗೆ.