ಅಕ್ಕ ಅಂದವನು

ಮೈಸೂರಿನಿಂದ ಫೋನು ಬಂದಾಗ ವರಲಕ್ಷ್ಮಮ್ಮ ಬಾಬುರಾಯನಕೊಪ್ಪಲಿನ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಾತಾಡಿದವರು ದಯಾಸದನದ ಸಿಸ್ಟರ್ ಹಿಲ್ಡಾ. ಬುದ್ಧಿ ಕದಡಿ ಬೀದಿ ಅಲೆಯುವವರನ್ನು ಕರೆತಂದು, ಗಾಯ ತೊಳೆದು, ಊಟ ಔಷಧಿ ಕೊಟ್ಟು ಇಟ್ಟುಕೊಳ್ಳುವ ಕ್ರೈಸ್ತ ಸನ್ಯಾಸಿನಿಯರ ಆಶ್ರಮ ಅದು.

“ತಮ್ಮ ಕಾಣೆಯಾಗಿದ್ದಾನೆ ಅಂತ ನಾಲ್ಕು ವರ್ಷದ ಹಿಂದೆ ನೀವು ಪೊಲೀಸರಿಗೆ ಬರೆದುಕೊಟ್ಟಿದ್ದಿರಲ್ಲ ಅಮ್ಮ, ಅದು ನಮ್ಮ ಕೈಗೆ ಸಿಕ್ಕಿದೆ. ಅದೇ ವಯಸ್ಸಿನ ಒಬ್ಬರು ಇಲ್ಲಿದ್ದಾರೆ. ಎಂಟು ತಿಂಗಳು ಬಾಯಿ ಬಿಟ್ಟವರಲ್ಲ. ಮೊನ್ನೆ ಕೆ.ಆರ್. ಪೇಟೆ ಅಂದರು. ಒಮ್ಮೆ ಬಂದು ನೋಡಿ.”

ಕೆ.ಆರ್. ಪೇಟೆ ವರಲಕ್ಷ್ಮಮ್ಮನ ತವರು. ತಮ್ಮ ಮೋಹನ್ ಕುಮಾರ್ ಅಲ್ಲಿ ಮರಗೆಲಸ ಮಾಡಿಕೊಂಡಿದ್ದವನು. ತಲೆ ಕೆಟ್ಟ ಮೇಲೆ ಉಳಿ ಕೊಡತಿ ಎಲ್ಲ ಬಿಟ್ಟು ಊರೂರು ತಿರುಗತೊಡಗಿದ. ಒಂದು ದಿನ ಹೋದವನು ಮತ್ತೆ ಬರಲೇ ಇಲ್ಲ. ಅವಳು ಬಿಡಿಸಿದ ಕಾಳನ್ನೂ ಸಿಪ್ಪೆಯನ್ನೂ ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಚಿನ್ನದ ಕೆಲಸಕ್ಕೆ ಕೂತಿದ್ದ ಗಂಡ ಕೃಷ್ಣಮೂರ್ತಿಗೆ ವಿಷಯ ತಿಳಿಸಿದ್ದೂ ಬಸ್ಸಿನೊಳಗಿಂದಲೇ.

ದಯಾಸದನದ ಹಿಂದಿನ ಅಂಗಳದಲ್ಲಿ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಒಬ್ಬ ಕೂತಿದ್ದ. ತಲೆ ನುಣ್ಣಗೆ ಬೋಳಿಸಿದ್ದರು. ಮೊಣಕಾಲಿನ ಹುಣ್ಣಿಗೆ ಬಿಳಿ ಬಟ್ಟೆ ಕಟ್ಟಿತ್ತು. ದೂರದಿಂದ ಬೆನ್ನು ಕಂಡಾಗ ಮೋಹನನೇ ಅಂದುಕೊಂಡಳು. ಹತ್ತಿರ ಹೋಗಿ ಮುಖ ನೋಡಿದಳು. ಅದು ಮೋಹನನ ಮುಖವಾಗಿರಲಿಲ್ಲ.

“ಇವ್ನಲ್ಲ ಸಿಸ್ಟರ್,” ಅಂದಳು.

ಅಷ್ಟರಲ್ಲಿ ಆ ಮನುಷ್ಯ ತಲೆಯೆತ್ತಿದ. ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಎರಡೂ ಕೈಯಲ್ಲಿ ಅವಳ ಸೆರಗು ಹಿಡಿದುಕೊಂಡ.

“ಅಕ್ಕ, ಬಂದ್ಯಾ? ಎಷ್ಟೊತ್ತಕ್ಕ! ಊರ್ಗೆ ಓಗನ ನಡಿ.”

ಸಿಸ್ಟರ್ ಹಿಲ್ಡಾ ಗಾಬರಿಯಾದರು. ಅವನು ಯಾರನ್ನೂ ಹೀಗೆ ಮುಟ್ಟಿದವನಲ್ಲ, ಇಷ್ಟು ಮಾತಾಡಿದವನೂ ಅಲ್ಲ. “ಬಿಡಿ, ಅವರು ನಿಮ್ಮ ಅಕ್ಕ ಅಲ್ಲ,” ಎಂದು ಮೆಲ್ಲಗೆ ಬಿಡಿಸಲು ನೋಡಿದರು. ಅವನು ಬಿಡಲಿಲ್ಲ. ವರಲಕ್ಷ್ಮಮ್ಮನಿಗೂ ಬಿಡಿಸಿಕೊಳ್ಳುವುದಾಗಲಿಲ್ಲ. ಪಕ್ಕದಲ್ಲಿ ಕೂತು, “ಯಾವೂರಪ್ಪ ನಿಂದು?” ಅಂದಳು.

“ಒಸೊಳ್ಲು. ನಿಂಗೊತ್ತಿಲ್ವಾ?” ಅವನು ನಕ್ಕ. “ನಾನು ಶಿವಣ್ಣ ಕಣಕ್ಕ.”

ಎಂಟು ತಿಂಗಳಲ್ಲಿ ಸನ್ಯಾಸಿನಿಯರಿಗೆ ಸಿಗದ ಹೆಸರೂ ಊರೂ ಅವಳಿಗೆ ಅರೆಗಳಿಗೆಯಲ್ಲಿ ಸಿಕ್ಕಿದವು. ಮಧ್ಯಾಹ್ನ ಅವನು ಅವಳ ಕೈಯಿಂದಲೇ ಅನ್ನ ಸಾರು ತಿಂದ. ಹೊರಡುವಾಗ, ಮುಂದಿನ ಸಲ ಊರಿಗೆ ಹೋಗೋಣ ಎಂದು ಹೇಳಿ ಸೆರಗು ಬಿಡಿಸಿಕೊಂಡಳು. ಹೊಸಹೊಳಲು ಕೆ.ಆರ್. ಪೇಟೆಗೆ ಅಂಟಿಕೊಂಡಂತಿರುವ ಊರು. ಅವನ ಮನೆಯವರನ್ನು ತಾನೇ ಹುಡುಕುತ್ತೇನೆ ಎಂದು ಸಿಸ್ಟರಿಗೂ ಮಾತು ಕೊಟ್ಟಳು.

ಮೂರನೇ ದಿನ ಅವಳು ಹೊಸಹೊಳಲಿನಲ್ಲಿ ಇಳಿದು, ದೇವಸ್ಥಾನದ ಬೀದಿಯ ಟೀ ಅಂಗಡಿಯಲ್ಲಿ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಶಿವಣ್ಣನ ಫೋಟೋ ತೋರಿಸಿದಳು. ಅಂಗಡಿಯವನು ಫೋಟೋವನ್ನು ದೊಡ್ಡದು ಮಾಡಿ ನೋಡಿದ. “ಅಯ್ಯೋ, ಇವ್ನು ನಮ್ಮ ಚಲುವಯ್ಯನ ಅಣ್ಣ ಅಲ್ವಾ!” ಎಂದು ಕೆರೆ ಕಡೆಯ ಮನೆಯೊಂದನ್ನು ತೋರಿಸಿದ.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡಳು. ಒಡಹುಟ್ಟಿದವನನ್ನು ಹೀಗೆ ಬಿಟ್ಟು ಅನ್ನ ಹೇಗೆ ಇಳಿಯುತ್ತದಪ್ಪ ನಿಮಗೆ ಎಂದು ಕೇಳಬೇಕು ಅಂದುಕೊಂಡಳು.

ಚಲುವಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದ. ಫೋಟೋ ನೋಡಿದವನು ಒಳಗೆ ಕೇಳಿಸೀತೆಂದು ಅವಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ.

“ಬದ್ಕವ್ನಾ?” ಅಂದ.

“ಚೆನ್ನಾಗವ್ನೆ. ಮೈಸೂರಲ್ಲಿ ಸಿಸ್ಟರ್ ಒಬ್ರ ಆಶ್ರಮದಲ್ಲವ್ನೆ, ಮಾತ್ರೆ ತಕೊತಾವ್ನೆ. ಬನ್ನಿ, ಕರ್ಕೊಂಡ್ಬನ್ನಿ. ಊರು ಊರು ಅಂತಾನೆ.”

ಚಲುವಯ್ಯ ಗೋಡೆಗೆ ಒರಗಿಕೊಂಡ. “ಅಮ್ಮಾ, ನಿಮ್ಗೆ ಸುಳ್ಳು ಯೋಳಕಿಲ್ಲ. ಮೈಸೂರು ಬಸ್ ಹತ್ತಿಸಿ, ಟಿಕೆಟ್ ಕೈಗ್ಕೊಟ್ಟು ಇಳ್ಕೊಂಡ್ಬಂದೋನು ನಾನೇಯ.”

“ಯಾಕಪ್ಪ ಇಂಗ್ ಮಾಡುದ್ರಿ?” ಅಂದಳು ವರಲಕ್ಷ್ಮಮ್ಮ.

“ಏಳು ವರ್ಷ ನೋಡ್ಕೊಂಡೆ. ಬೆಂಗ್ಳೂರ್ ಆಸ್ಪತ್ರೆ, ದೇವ್ರು, ದಿಂಡ್ರು ಎಲ್ಲಾ ಆಯ್ತು. ಮಾತ್ರೆ ಬುಟ್ಬುಟ್ರೆ ಅವನ ಕೈಗೆ ಆನೆಬಲ ಬಂದ್ಬುಡದು. ನಮ್ಮವ್ವನ್ನ ಕಟ್ಟೆ ಮೇಲಿಂದ ತಳ್ಬುಟ್ಟ. ಸೊಂಟ ಮುರ್ದು ಅವತ್ತಿಂದ ಮಲ್ಗೇ ಅವ್ಳೆ. ನನ್ ಮಗ್ಳು ಮಾನಸ ಬಾಗ್ಲಾಕ್ಕೊಂಡು ಕೂತ್ಕೊಳೋಳು, ಸ್ಕೂಲ್ಗೇ ಓಗ್ತಿರ್ಲಿಲ್ಲ. ನಾನೇನ್ಮಾಡ್ಲಿ, ಯೋಳಿ.”

ಒಳಗಿನಿಂದ ಮುದುಕಿಯ ದನಿ ಬಂತು. “ಯಾರ್ಲಾ ಅದು, ಚಲುವ?”

“ಯಾರೂ ಇಲ್ಲ ಕಣವ್ವ, ಹಾಲಿನೋರು!” ಎಂದು ಕೂಗಿ ಅವನು ಕೈ ಮುಗಿದ. “ಅಣ್ಣ ತೀರ್ಕೊಂಡ ಅಂತ ಯೋಳಿವ್ನಿ ಅವ್ವಂಗೆ. ಈಗ ಬದ್ಕವ್ನೆ ಅಂತ ಎಂಗ್ ಯೋಳ್ಲಿ? ನಮ್ಮಕ್ಕ ಚಲುವಮ್ಮ ಅಂತ ಇದ್ಲು. ಅವ್ನ ಎತ್ತಿ ಆಡಿಸ್ದೋಳು. ಅವ್ಳೂ ಇಲ್ಲ. ಇದ್ದಿದ್ರೆ ಅವ್ಳಾದ್ರೂ…”

ಆ ಸಿಸ್ಟರಿಗೆ ಮನೆ ಸಿಗಲಿಲ್ಲ ಅಂತ ಹೇಳಿಬಿಡಿ ಎಂದು ಅವನು ಬೇಡಿಕೊಂಡ. ಅವಳು ಬಯ್ಯಲು ಬಾಯಿ ತೆರೆದರೆ ನೆನಪಾದದ್ದು ಬೇರೆ. ಕಾಣೆಯಾಗುವ ಎರಡು ದಿನ ಮೊದಲು ಮೋಹನ ಅವಳ ಮನೆಗೆ ಬಂದಿದ್ದ. ಮಗಳು ಭೂಮಿಕಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಅವಳು ಹಿಂದಿನ ಬಾಗಿಲಲ್ಲಿ ತಟ್ಟೆಗೆ ಅನ್ನ ಹಾಕಿ ಕೊಟ್ಟು, “ಈಗ ಓಗಿ ಇನ್ನೊಂದಿನ ಬಾರಪ್ಪ,” ಎಂದು ಕಳಿಸಿದ್ದಳು. ಇದನ್ನು ಅವಳು ಪೊಲೀಸರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಚಲುವಯ್ಯನಿಗೂ ಹೇಳದೆ ಬಸ್‌ಸ್ಟಾಪಿಗೆ ಬಂದಳು.

ಮಾರನೇ ದಿನ ದಯಾಸದನಕ್ಕೆ ಹೋಗಿ, ಸಿಸ್ಟರ್ ಹಿಲ್ಡಾರಿಗೆ ಮಾತ್ರ ಚಲುವಯ್ಯನ ಮಾತನ್ನೂ ಮೋಹನನನ್ನು ತಾನು ಕಳಿಸಿದ್ದನ್ನೂ ಹೇಳಿದಳು. ಅವರು ಸಿಟ್ಟಾಗಲಿಲ್ಲ. “ನಾನು ಇಂಥದ್ದನ್ನು ಇಪ್ಪತ್ತು ವರ್ಷದಿಂದ ಕೇಳುತ್ತಾ ಇದ್ದೇನೆ,” ಅಂದರು. ಆಮೇಲೆ ಮೇಜಿನ ಮೇಲಿದ್ದ ಪಟ್ಟಿಯೊಂದನ್ನು ಅವಳ ಕಡೆ ತಿರುಗಿಸಿದರು. “ಮೂವತ್ತು ಜನಕ್ಕೆ ಮಾಡಿದ ಜಾಗ ಇದು. ಈಗ ನಲವತ್ತೊಂದು ಜನ ಇದ್ದಾರೆ. ವರಾಂಡದಲ್ಲಿ ಮಲಗಿಸುತ್ತಿದ್ದೇವೆ. ಪೊಲೀಸರು ಕರೆತರುವವರನ್ನು ಬೇಡ ಅನ್ನಲಿಕ್ಕೆ ಮನಸ್ಸಾಗುವುದಿಲ್ಲ. ಅದಕ್ಕೆ ಯಾರೂ ಇಲ್ಲದ ಹನ್ನೊಂದು ಜನರನ್ನು ಕಣ್ಣೂರಿನ ನಮ್ಮ ದೊಡ್ಡ ಮನೆಗೆ ಕಳಿಸುವುದು ಅಂತ ಆಗಿದೆ. ಶಿವಣ್ಣನ ಹೆಸರೂ ಇದೆ.”

“ಕೇರಳಕ್ಕಾ? ಅಲ್ಲಿ ಇವ್ನ ಮಾತು ಯಾರ್ಗೆ ಅರ್ಥಾಯ್ತದೆ ಸಿಸ್ಟರ್?”

“ನಾನು ಅದನ್ನೇ ಬರೆದೆ ಅಮ್ಮ. ಮೇಲಿನವರಿಗೆ ಎರಡು ಸಲ ಬರೆದೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಯಾರಾದರೂ ನಮ್ಮವನು ಅಂತ ಕರೆದುಕೊಂಡು ಹೋದರೆ ಮಾತ್ರೆ ನಾವೇ ಕೊಡುತ್ತೇವೆ. ಬೇರೆ ನನ್ನ ಕೈಯಲ್ಲಿ ಏನೂ ಇಲ್ಲ.”

ಅಂದು ಸಂಜೆ ಅವಳು ಗಂಡನ ಮುಂದೆ ಶಿವಣ್ಣನನ್ನು ಮನೆಗೆ ಕರೆತರುವ ಮಾತು ತೆಗೆದಳು. ಕೃಷ್ಣಮೂರ್ತಿ ಕೆಟ್ಟವನಲ್ಲ. ಕಾಣೆಯಾದ ಬಾವಮೈದುನನ ಫೋಟೋ ಹಿಡಿದು ನಾಗಮಂಗಲ, ಆದಿಚುಂಚನಗಿರಿ ಎಲ್ಲ ಕಡೆ ತಿರುಗಿದ್ದವನು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ.

“ಇರೋದು ಎರಡು ರೂಮು. ಎಲ್ಲಿ ಮಲಗಿಸ್ತೀಯ? ನಾನು ಬೆಳಿಗ್ಗೆ ಓದ್ರೆ ಸಂಜೆ ಬರೋನು. ಅವ್ನು ಅವ್ರವ್ವಂಗೆ ಮಾಡ್ದಂಗೆ ನಿಂಗೋ, ಮದ್ವೆಯಾಗ್ದೆ ಮನೇಲಿರೋ ಭೂಮಿಕಂಗೋ ಮಾಡ್ಬುಟ್ರೆ?” ಆಮೇಲೆ ಅಂದ, “ಮೋಹನ ಆಗಿದ್ರೆ ನಾನು ಇಷ್ಟು ಕೇಳ್ತಿದ್ನಾ, ಯೋಳು.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವಳು ತಪ್ಪು ಹುಡುಕಿದಳು, ಸಿಗಲಿಲ್ಲ.

ಕಳಿಸುವ ದಿನ ಬೆಳಿಗ್ಗೆ ಅವಳು ಎಂಟಕ್ಕೇ ದಯಾಸದನದಲ್ಲಿದ್ದಳು. ವ್ಯಾನು ಗೇಟಿನೊಳಗೆ ನಿಂತಿತ್ತು. ಹನ್ನೊಂದು ಜನಕ್ಕೂ ಹೊಸ ಅಂಗಿ ತೊಡಿಸಿ, ಒಬ್ಬೊಬ್ಬರ ಹೆಸರು, ಮಾತ್ರೆ ಬರೆದ ಚೀಟಿಯನ್ನು ಜೇಬಿಗಿಟ್ಟಿದ್ದರು. ಸಿಸ್ಟರ್ ಹಿಲ್ಡಾ ಶಿವಣ್ಣನಿಗೆ ಎಲ್ಲಿಗೆ ಹೋಗುವುದೆಂದು ಎರಡು ಸಲ ನಿಜವನ್ನೇ ಹೇಳಿದ್ದರಂತೆ. ಅವನು ಕೇಳಿಸಿಕೊಂಡದ್ದು ಬೇರೆ.

“ಅಕ್ಕ, ಊರ್ಗೆ ಅಲ್ವಾ?” ಎಂದ ಅವಳನ್ನು ಕಂಡಕೂಡಲೇ. “ಪಟ್ಣ ದಾಟಿ, ಪಾಂಡವಪುರ ದಾಟಿ, ಚಿನಕುರಳಿ ದಾಟುದ್ರೆ ಒಸೊಳ್ಲು. ನೀನೂ ಬಾ.”

ಸಿಸ್ಟರ್ ಅವಳ ಮುಖ ನೋಡಿದರು.

“ನೀ ಮುಂದೆ ಓಗಿರಪ್ಪ, ನಾನು ಆಮ್ಯಾಕ್ ಬತ್ತೀನಿ,” ಅಂದಳು ವರಲಕ್ಷ್ಮಮ್ಮ.

ಅವನು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕ ಕೂತ. ಉಳಿದವರಲ್ಲಿ ಇಬ್ಬರು ಅಳುತ್ತಿದ್ದರು. ಒಬ್ಬ ಇಳಿದು ಓಡಲು ನೋಡಿದ. ಶಿವಣ್ಣ ಮಾತ್ರ ನಗುತ್ತಾ ಕೈ ಬೀಸಿದ. ವ್ಯಾನು ಗೇಟು ದಾಟಿ, ಅವನ ಊರಿನ ದಾರಿಯ ಶ್ರೀರಂಗಪಟ್ಟಣದ ಕಡೆಗೆ ಹೋಗದೆ, ಎಡಕ್ಕೆ ತಿರುಗಿತು. ಸಿಸ್ಟರ್ ಹಿಲ್ಡಾ ಅಲ್ಲೇ ನಿಂತು ಶಿಲುಬೆಯ ಗುರುತು ಹಾಕಿಕೊಂಡರು. ಒಳಗಿನಿಂದ ಯಾರೋ ಕರೆದರು. ಅವರು ಕಣ್ಣೊರೆಸಿಕೊಂಡು ಹೋದರು.

ಒಂಬತ್ತು ದಿನದ ಮೇಲೆ, ಸಿಸ್ಟರ್ ಹಿಲ್ಡಾ ಕೊಟ್ಟಿದ್ದ ನಂಬರಿಗೆ ಕಣ್ಣೂರಿನಿಂದ ಒಬ್ಬ ಸನ್ಯಾಸಿನಿ ಫೋನು ಮಾಡಿದರು. ಅರ್ಧ ಮಲಯಾಳಂ, ಅರ್ಧ ಇಂಗ್ಲಿಷು. ವರಲಕ್ಷ್ಮಮ್ಮನಿಗೆ ತಿಳಿದದ್ದು ಇಷ್ಟೇ: ಅವನು ಊಟ ಮುಟ್ಟುತ್ತಿಲ್ಲ, ದಿನವೂ ಗೇಟಿನ ಬಳಿ ಹೋಗಿ ನಿಲ್ಲುತ್ತಾನೆ. ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟರು.

“ಅಕ್ಕ,” ಅಂದ ಶಿವಣ್ಣ. ದನಿ ಸಣ್ಣಗಾಗಿತ್ತು. “ಎಷ್ಟ್ ದೂರ ಬಂದ್ರೂ ಊರು ಬತ್ತಾನೇ ಇಲ್ವಲ್ಲಕ್ಕ.”

“ಬತ್ತದೆ ಕಣಪ್ಪ. ಒಂಚೂರು ಉಣ್ಣು.”

“ಉಂಡ್ರೆ ಬತ್ತದಾ?”

ಅವಳು ಹೂಂ ಅಂದಳು. ಆ ಕಡೆ ತಟ್ಟೆಯ ಸದ್ದು ಕೇಳಿತು. ಅವನು ಉಣ್ಣಲು ಕೂತನೋ ಇಲ್ಲವೋ ತಿಳಿಯುವ ಮೊದಲೇ ಫೋನು ಕಟ್ಟಾಯಿತು. ತಿರುಗಿ ಮಾಡಿದಳು. ಹೆಣ್ಣುದನಿಯೊಂದು ಅವಳಿಗೆ ಬಾರದ ಭಾಷೆಯಲ್ಲಿ ಏನೋ ಹೇಳಿತು. ಅವಳು ಕನ್ನಡದಲ್ಲಿ ಶಿವಣ್ಣ, ಶಿವಣ್ಣ ಎಂದು ಮತ್ತೆ ಮತ್ತೆ ಹೇಳಿದಳು.