ಕ್ಯಾಸೆಟ್ಟಿನ ಕುಂಕುಮ

ಯೋಗರಾಜ್ ವಿಡಿಯೋ ಕ್ಯಾಸೆಟ್ಟಿನ ಅಂಚಿನ ಮುಚ್ಚಳ ಎತ್ತಿ, ಒಳಕ್ಕೆ ಟಾರ್ಚ್ ಬಿಟ್ಟು ನೋಡಿದವನು ತುಟಿ ಬಿಚ್ಚಲಿಲ್ಲ. ಪುಷ್ಪಾಳ ಎದೆ ಅಲ್ಲಿಗೇ ಧಸಕ್ಕೆಂದಿತು. ತಾವು ಬಂದಾಗಿನಿಂದ ಬಿಡುವಿಲ್ಲದೆ ಮಾತಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಸುಮ್ಮನಾದರೆ ಯಾರಿಗಾದರೂ ದಿಗಿಲಾಗುತ್ತದೆ.

ದುರ್ಗಿಗುಡಿಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ಈಗ ಮದುವೆ ವಿಡಿಯೋಗಿಂತ ಹಳೇ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುವ ಕೆಲಸವೇ ಜಾಸ್ತಿ, ಅದರ ಬಡಾಯಿಯೂ ಜಾಸ್ತಿ. 'ಕೆಲವರು ಏನ್ ಮಾಡ್ತಾರೆ ಗೊತ್ತಾ ಮೇಡಂ? ಟಿವಿಯಲ್ಲಿ ಹಾಕಿ ಮೊಬೈಲಲ್ಲಿ ಶೂಟ್ ಮಾಡಿ ಕೊಟ್ಬಿಡ್ತಾರೆ. ಇಲ್ಲಾಂದ್ರೆ ನಾಲ್ಕು ಕ್ಯಾಸೆಟ್ಟು ಒಂದೇ ಡಿಸ್ಕಿಗೆ ತುರುಕ್ತಾರೆ. ಮುಖ ಎಲ್ಲಾ ಕಲಸಿದ ಹಿಟ್ಟಾಗಿರುತ್ತೆ. ನಾನು ಹಂಗಲ್ಲ. ಒಂದು ಕ್ಯಾಸೆಟ್ಟಿಗೆ ಒಂದೇ ಡಿಸ್ಕು. ಕಣ್ರೆಪ್ಪೆ ಎಣಿಸ್ಬೋದು, ಹಂಗಿರುತ್ತೆ ಪಿಕ್ಚರು' ಎಂದು ಅವನು ಕೊಚ್ಚಿಕೊಳ್ಳುವಾಗ ಪುಷ್ಪಾಳ ಜೊತೆ ಬಂದಿದ್ದ ರಂಜಿನಿಯ ಮುಖ ಅರಳಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ, ಹೆತ್ತ ತಾಯಿಯ ಮುಖ ಕಣ್ರೆಪ್ಪೆ ಸಮೇತ.

ರಂಜಿನಿಯನ್ನು ಹೆತ್ತವಳು ದಿವ್ಯಶ್ರೀ. ಮಗಳಿಗೆ ಹಲ್ಲು ಬರುವ ಹೊತ್ತಿಗೆ ಕಾಮಾಲೆಯಾಗಿ ಹೋಗಿಬಿಟ್ಟಳು. ಆಮೇಲೆ ಬೀರಪ್ಪ ಪುಷ್ಪಾಳನ್ನು ಮದುವೆಯಾದ. ಭದ್ರಾವತಿಯ ಓಲ್ಡ್ ಟೌನ್ ಮನೆಗೆ ಬಂದ ದಿನವೇ ಪುಷ್ಪಾಳ ಸೊಂಟಕ್ಕೆ ಒಂದು ಕೂಸು ಏರಿತು, ಅಂದಿನಿಂದ ಅವಳೇ ಅದಕ್ಕೆ ಅಮ್ಮ. ಬೀರಪ್ಪ ತೀರಿಕೊಂಡು ಕೆಲವು ವರ್ಷವಾದವು. ರಂಜಿನಿ ಈಗ ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಬರುವ ತಿಂಗಳು ಮದುವೆ. ಮದುವೆಗೆ ಮುಂಚೆ ತಾಯಿಯನ್ನು ಒಮ್ಮೆ ನೋಡಬೇಕೆಂದು ಹಟ ಹಿಡಿದಿದ್ದಳು. ದಿವ್ಯಶ್ರೀಯದು ಅಂತ ಗೋಡೆಯ ಮೇಲೆ ಒಂದು ಫೋಟೋ ಇತ್ತು, ಉಸಿರು ಕಟ್ಟಿ ನಿಲ್ಲಿಸಿ ತೆಗೆದದ್ದು. ನಡೆದಾಡುವ, ಮಾತಾಡುವ ದಿವ್ಯಶ್ರೀ ಇರುವುದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

'ಸರ್, ಅದೇನು ಕೆಂಪಗೆ? ತುಕ್ಕಾ?' ರಂಜಿನಿ ಬಗ್ಗಿ ನೋಡಿದಳು.

ಯೋಗರಾಜ್ ಮೂಸಿ ನೋಡಿದ. 'ತುಕ್ಕಲ್ಲ. ಕುಂಕುಮ. ರಿಬ್ಬನ್ ಮೇಲೇ ಗಟ್ಟಿ ಕೂತಿದೆ ಮಾರಾಯ್ತಿ! ಗಂಧಾನೂ ಇದ್ದಂಗಿದೆ. ಯಾರು ಮಾಡಿದ್ದು ಈ ಕೆಲ್ಸ?'

ತೀರಿಹೋದ ಅತ್ತೆಯ ತಲೆಯ ಮೇಲೆ ಗೂಬೆ ಕೂರಿಸಿ ಪಾರಾಗಬಹುದಿತ್ತು. ಪುಷ್ಪಾಳಿಗೆ ಆ ಆಲೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂದದ್ದನ್ನು ಹಾಗೇ ನುಂಗಿಕೊಂಡಳು.

'ನಾನೇ' ಎಂದಳು. 'ಆಯುಧಪೂಜೆಗೆ.'

ಭದ್ರಾವತಿಯಲ್ಲಿ ಕಾರ್ಖಾನೆಯವರ ಮನೆಗಳಲ್ಲಿ ಆಯುಧಪೂಜೆ ಎಂದರೆ ಸಾಮಾನ್ಯ ಸಂಗತಿಯಲ್ಲ. ಸ್ಪ್ಯಾನರ್ ಸುತ್ತಿಗೆಯಿಂದ ಹಿಡಿದು ಮಿಕ್ಸಿ, ಹೊಲಿಗೆ ಮಿಷನ್ನು, ಸ್ಕೂಟರಿನವರೆಗೆ ಮನೆಯ ಯಾವ ಯಂತ್ರವೂ ಬರಿ ಹಣೆಯಲ್ಲಿ ಇರುವಂತಿಲ್ಲ. ದಿವ್ಯಶ್ರೀಯ ಅಣ್ಣ ಕುವೈತಿನಿಂದ ತಂದುಕೊಟ್ಟ ಕ್ಯಾಮೆರಾವನ್ನೂ ಬೀರಪ್ಪ ಆ ಸಾಲಿನಲ್ಲಿ ಇಡುತ್ತಿದ್ದ. ಕ್ಯಾಮೆರಾ ಕೆಟ್ಟು ಗುಜರಿಗೆ ಹೋದ ಮೇಲೆ ಅದರ ಜಾಗಕ್ಕೆ ಕ್ಯಾಸೆಟ್ಟು ಬಂತು. ಪೂಜೆಯ ಕೆಲಸ ಪುಷ್ಪಾಳದು. ಪಕ್ಕದ ಸಣ್ಣ ಗುಂಡಿ ಒತ್ತಿದರೆ ಮುಚ್ಚಳ ಏಳುತ್ತದೆ ಎಂಬುದನ್ನು ಅವಳು ತಾನಾಗಿಯೇ ಕಂಡುಕೊಂಡಿದ್ದಳು.

'ರಿಬ್ಬನ್ನಿಗೇ ಯಾಕೆ ಹಚ್ಚಿದೆ? ಮೇಲಿನ ಡಬ್ಬಿಗೆ ಹಚ್ಚಿದ್ರೆ ಆಗ್ತಿರ್ಲಿಲ್ವಾ?' ರಂಜಿನಿಯ ದನಿ ಬಿಗಿಯಾಗಿತ್ತು.

'ಡಬ್ಬಿಗೆ ಹಚ್ಚಿದ್ರೆ ಏನು ಬಂತು? ಅಕ್ಕ ಇರೋದು ಅದ್ರೊಳಗೆ ಅಲ್ವೇನೇ?'

ಪುಷ್ಪಾ ದಿವ್ಯಶ್ರೀಯನ್ನು ಅಕ್ಕ ಎಂದೇ ಕರೆಯುತ್ತಿದ್ದದ್ದು. ಯೋಗರಾಜ್ ನಗಬೇಕೋ ಬೇಡವೋ ತಿಳಿಯದೆ ಕ್ಯಾಸೆಟ್ಟಿನ ಕಡೆ ತಿರುಗಿ, ಕಂಡಷ್ಟು ಕುಂಕುಮವನ್ನು ಮೆತ್ತನೆ ಬ್ರಷ್ಷಿನಲ್ಲಿ ಉದುರಿಸಿ, 'ನೋಡೋಣ' ಎಂದು ಮಿಷನ್ನಿಗೆ ಹಾಕಿದ.

ಪರದೆಯ ಮೇಲೆ ಚುಕ್ಕಿ ಚುಕ್ಕಿ ಬಿಳಿ ಧೂಳು. ಅದರ ಹಿಂದೆ ಯಾವುದೋ ಹೆಣ್ಣು ದನಿ ಒಂದು ಕ್ಷಣ ಕೇಳಿ ಮಾಯವಾಯಿತು. ರಂಜಿನಿ ಕುರ್ಚಿಯ ತುದಿಗೆ ಬಂದಳು. ಅಷ್ಟರಲ್ಲಿ ಮಿಷನ್ನು ಕಿರ್ರನೆ ಕೂಗತೊಡಗಿತು. ಧೂಳಿನ ನಡುವೆ ಒಂದು ಸೀರೆಯ ಬಣ್ಣ ಕಂಡಂತಾಯಿತು, ಅದೂ ಹೋಯಿತು.

'ರಿಬ್ಬನ್ ಓದೋ ಹೆಡ್ಡಿಗೇ ಕುಂಕುಮ ಮೆತ್ಕೊಂಡಿದೆ' ಎಂದ ಯೋಗರಾಜ್. 'ಹಿಂಗೇ ಬಿಟ್ರೆ ಮುಂದೆ ಸರಿಹೋಗ್ಲೂಬೋದು, ರಿಬ್ಬನ್ ಕಿತ್ಕೊಂಡು ಹೋಗ್ಲೂಬೋದು. ನಿಮ್ಮ ಕ್ಯಾಸೆಟ್ಟು, ನೀವೇ ಹೇಳ್ಬೇಕಪ್ಪ.' ಕಷ್ಟದ ಹೊತ್ತಿಗೆ ಗಿರಾಕಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದರಲ್ಲಿ ಅವನು ನಿಸ್ಸೀಮ.

'ಓಡ್ಲಿ ಸರ್. ಈಗ ಬರ್ತಾಳೆ, ದನಿ ಕೇಳಿಸ್ತಲ್ಲ' ಎಂದಳು ರಂಜಿನಿ.

ಕಿರುಗುಟ್ಟುವಿಕೆ ಇನ್ನೂ ಜೋರಾಯಿತು. ಪುಷ್ಪಾಳಿಗೆ ತಡೆಯಲಾಗಲಿಲ್ಲ. 'ನಿಲ್ಸಿ! ನಿಲ್ಸಿ ಸರ್, ಹರಿದುಹೋಗುತ್ತೆ!' ಎಂದು ಕಿರುಚಿ ಎದ್ದಳು. ಯೋಗರಾಜ್ ಗಾಬರಿಯಿಂದ ಗುಂಡಿ ಒತ್ತಿದ. ಪರದೆ ಕಪ್ಪಾಯಿತು.

ರಂಜಿನಿ ನಿಧಾನವಾಗಿ ತಿರುಗಿ ಅವಳನ್ನೇ ನೋಡಿದಳು. 'ನಾನು ಅವಳನ್ನ ನೋಡೋದು ನಿಮಗೆ ಇಷ್ಟ ಇಲ್ಲ. ಅಲ್ವಾ ಚಿಕ್ಕಮ್ಮ?'

ಪುಷ್ಪಾಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಈ ಮಾತನ್ನು ಕಲಿಸಲು ದಿವ್ಯಶ್ರೀಯ ಅಕ್ಕ ಶೀಲಾ ಎಷ್ಟೋ ವರ್ಷ ಹೆಣಗಿದ್ದಳು. 'ಅಮ್ಮ ಅನ್ಬೇಡ ಕಣೇ, ಚಿಕ್ಕಮ್ಮ ಅನ್ನು. ಬಂದೋಳು ನಿಮ್ಮಮ್ಮನ ಗುರುತು ಒಂದೂ ಉಳಿಸಲ್ಲ ನೋಡ್ತಿರು' ಎಂದು ಮಗುವಿನ ಕಿವಿಯಲ್ಲಿ ಊದುತ್ತಿದ್ದಳು. ಮಗು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಓಡಿಬಂದು ಪುಷ್ಪಾಳ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿತ್ತು. ಆಗ ಬಾರದ ಮಾತು ಇವತ್ತು ಬಂದಿತ್ತು.

'ಏನಾದ್ರೂ ಅಂದ್ಕೋ' ಎಂದಳು ಪುಷ್ಪಾ. 'ಹರಿದ್ಮೇಲೆ ಯಾರೂ ತಂದುಕೊಡಲ್ಲ.'

ಯೋಗರಾಜ್ ಕೆಮ್ಮಿದ. ಕ್ಯಾಸೆಟ್ಟು ಬಿಚ್ಚಿ, ರಿಬ್ಬನ್ನನ್ನು ಕೈಯಲ್ಲೇ ಚೂರು ಚೂರು ಎಳೆದು ಒಣಬಟ್ಟೆಯಲ್ಲಿ ಒರೆಸಿ, ಬೇರೆ ಡಬ್ಬಿಗೆ ಸುತ್ತಿ ನೋಡುತ್ತೇನೆ, ವಾರ ಬೇಕು ಎಂದ. 'ಗ್ಯಾರಂಟಿ ಕೊಡಲ್ಲ. ಓಡಿದ್ರೆ ಒಂದೇ ಸಲ ಅನ್ಕೊಳ್ಳಿ. ಆ ಒಂದು ಸಲದಲ್ಲೇ ಕಂಪ್ಯೂಟರಿಗೆ ಇಳಿಸ್ಬೇಕು. ಆಗ ಬಂದಿದ್ದಷ್ಟೇ ನಿಮ್ಮ ಡಿಸ್ಕಲ್ಲಿರೋದು.'

ಭದ್ರಾವತಿಗೆ ಮರಳುವ ಬಸ್ಸಿನಲ್ಲಿ ರಂಜಿನಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಪಕ್ಕದಲ್ಲಿ ಜಾಗವಿತ್ತು, ಅದರ ಮೇಲೆ ಬ್ಯಾಗ್ ಇಟ್ಟಳು. ಪುಷ್ಪಾ ಹಿಂದೆ ಕೂತು ಅವಳ ಜಡೆಯನ್ನೇ ನೋಡುತ್ತಾ ಬಂದಳು. ಬೆಳಿಗ್ಗೆ ಆ ಜಡೆ ಹಾಕಿದ್ದು ಅವಳೇ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ, ಆಗಿದ್ದರೆ ಎಷ್ಟೋ ವಾಸಿ. ಊಟ ಬಡಿಸಿದರೆ ರಂಜಿನಿ ತಿನ್ನುವಳು, ತಟ್ಟೆ ತೊಳೆದಿಡುವಳು, 'ಸಾಕು', 'ಬೇಡ' ಎಂಬೆರಡು ಮಾತು ಬಿಟ್ಟರೆ ಮೂರನೆಯದಿಲ್ಲ. ಮದುವೆಯ ಸೀರೆಗಳಿಗೆ ಫಾಲ್ ಹಚ್ಚಿಸಬೇಕಿತ್ತು, ಅದನ್ನು ತಾನೇ ಹೊತ್ತುಕೊಂಡು ಹೋದಳು. ಒಂದು ಸಂಜೆ ಹಿತ್ತಲಲ್ಲಿ ನಿಂತು ಶೀಲಾಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿತು. 'ಗೊತ್ತಿಲ್ಲ ದೊಡ್ಡಮ್ಮ. ನೀನು ಹೇಳ್ತಿದ್ದದ್ದು ನಿಜ ಇರ್ಬೋದೇನೋ ಅನ್ಸುತ್ತೆ.'

ಪುಷ್ಪಾ ಒಲೆಯ ಮುಂದೆ ಹಾಗೇ ನಿಂತಳು. ಹೋಗಿ ಆ ಫೋನು ಕಿತ್ತುಕೊಂಡು ಶೀಲಾಳಿಗೆ ನಾಲ್ಕು ಬಿಡಿಸಿ ಹೇಳೋಣ ಎನ್ನಿಸಿತು. ಕಾಲು ಏಳಲಿಲ್ಲ, ಏಕೆಂದರೆ ಶೀಲಾಳ ಮಾತು ಪೂರಾ ಸುಳ್ಳೂ ಅಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಮದುವೆಯಾದ ಹೊಸದರಲ್ಲಿ ಬೀರಪ್ಪ ಊಟವಾದ ಮೇಲೆ ಆ ಕ್ಯಾಮೆರಾ ತಂದು, ಅದರಲ್ಲೇ ಕ್ಯಾಸೆಟ್ಟು ಓಡಿಸಿ, ಅದರ ಪುಟ್ಟ ಕಿಂಡಿಗೆ ಒಂದು ಕಣ್ಣು ಒತ್ತಿಕೊಂಡು ಕೂರುತ್ತಿದ್ದ. ಆ ಕಿಂಡಿಯಲ್ಲಿ ಒಬ್ಬರಿಗಷ್ಟೇ ಕಾಣುವುದು. ನೀನೂ ನೋಡು ಎಂದು ಅವನು ಕರೆಯಲಿಲ್ಲ, ತೋರಿಸಿ ಎಂದು ಇವಳು ಕೇಳಲಿಲ್ಲ. ಒಳಗೆ ಯಾವ ಅಪ್ಸರೆ ಇದ್ದಾಳೋ ಎಂದು ಪುಷ್ಪಾ ಹೊಟ್ಟೆ ಉರಿಸಿಕೊಂಡು ಮಲಗುತ್ತಿದ್ದಳು. ಕ್ಯಾಮೆರಾ ಕೆಟ್ಟಾಗ ಒಳಗೊಳಗೇ ಖುಷಿಪಟ್ಟಳು. ಹಾಗೆ ಖುಷಿಪಟ್ಟದ್ದಕ್ಕೆ ಸತ್ತವಳ ಶಾಪ ತಗಲೀತೆಂದು, ಮಗುವಿಗೆ ಏನಾದರೂ ಆದೀತೆಂದು ಹೆದರಿ ಹೆದರಿಯೇ ಆ ಕುಂಕುಮ ಹಚ್ಚತೊಡಗಿದ್ದು. ಯಾವ ವರ್ಷ ಹೆದರಿಕೆ ಹೋಗಿ ಅದು ಬರೀ ಅಕ್ಕನ ಪೂಜೆಯಾಯಿತೋ ಅವಳಿಗೂ ನೆನಪಿಲ್ಲ. ಇದನ್ನೆಲ್ಲ ಯಾರ ಮುಂದೆ ಹೇಳುವುದು? ಹೇಳಿದರೂ ನಂಬಬೇಕಾದವಳು ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗಿಬಿಡುತ್ತಾಳೆ. ಅವಳು ಗಂಡನ ಮನೆಗೆ ಹೀಗೇ ಹೊರಟುಹೋದರೆ ತನಗೆ ಇನ್ಯಾರಿದ್ದಾರೆ ಎಂದು ನೆನೆದು ಪುಷ್ಪಾ ಅತ್ತಳು.

ವಾರದ ಮೇಲೆ ಯೋಗರಾಜನ ಫೋನು ಬಂತು. 'ಬರೋದಾದ್ರೆ ಬನ್ನಿ' ಎಂದಳು ರಂಜಿನಿ, ಚಪ್ಪಲಿ ಮೆಟ್ಟುತ್ತಾ. ಪುಷ್ಪಾ ಸೀರೆ ಕೂಡ ಬದಲಿಸದೆ ಹಿಂದೆ ಹೊರಟಳು.

ಅವತ್ತು ಯೋಗರಾಜ್ ಬಡಾಯಿ ಕೊಚ್ಚಲಿಲ್ಲ, ಅದೇ ಪುಷ್ಪಾಳಿಗೆ ಇನ್ನಷ್ಟು ಭಯ ಹುಟ್ಟಿಸಿತು. ಒಂದು ಕಡೆ ರಿಬ್ಬನ್ ಅಂಟಿಕೊಂಡಿತ್ತಂತೆ, ಅಷ್ಟನ್ನು ಕತ್ತರಿಸಿ ಜೋಡಿಸಿದ್ದೇನೆ ಎಂದ. 'ಜಾಯಿಂಟು ದಾಟಿದ್ರೆ ಗೆದ್ವಿ. ಇಲ್ಲಾಂದ್ರೆ ನನ್ನ ಬೈಬೇಡಿ.' ಫ್ಯಾನ್ ಆರಿಸಿ, ಕಂಪ್ಯೂಟರಿನಲ್ಲಿ ಕೆಂಪು ಗುಂಡಿ ಒತ್ತಿ, ಮಿಷನ್ನು ಚಾಲೂ ಮಾಡಿದ.

ಮೊದಲು ಬರೀ ಗೆರೆಗಳು. ಆಮೇಲೆ ಒಂದು ಹಿತ್ತಲು ಕಂಡಿತು, ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಹಸಿರು ಬಕೆಟ್ಟು. 'ಈ ಕಡೆ ತಿರುಗೇ' ಎಂದಿತು ಬೀರಪ್ಪನ ದನಿ. ಅವನ ಆ ಸಲಿಗೆಯ ದನಿಯನ್ನು ಪುಷ್ಪಾ ಕೇಳಿದ್ದೇ ಇಲ್ಲ. ಚಿತ್ರ ಬಾಗಿತು, ಗೆರೆ ಬಿತ್ತು, ಮಿಷನ್ನು ಒಂದು ಸಲ ಕಿರ್ರೆಂದಿತು. ಯೋಗರಾಜನ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಈ ಸಲ ಓಡ್ಲಿ ಎನ್ನುವ ಧೈರ್ಯ ರಂಜಿನಿಗಿರಲಿಲ್ಲ, ನಿಲ್ಸಿ ಎನ್ನುವ ಧೈರ್ಯ ಪುಷ್ಪಾಳಿಗಿರಲಿಲ್ಲ.

ಜಾಯಿಂಟು ದಾಟಿತು. ಚಿತ್ರ ತಿಳಿಯಾಯಿತು.

ದಿವ್ಯಶ್ರೀ ಬಂದಳು. ಸೀರೆ ಎತ್ತಿ ಸಿಕ್ಕಿಸಿದ್ದಾಳೆ, ಕೂದಲು ಕೆದರಿದೆ, ಕಂಕುಳಲ್ಲಿ ಅಳುವ ಕೂಸು. ಯೋಗರಾಜನ ಬಡಾಯಿ ಸುಳ್ಳಾಗಿರಲಿಲ್ಲ, ಅವಳ ಮೇಲ್ದುಟಿಯ ಬೆವರೂ ಕಾಣುತ್ತಿತ್ತು. 'ನಿಮ್ಗೆ ಬುದ್ಧಿ ಇದೆಯೇನ್ರೀ? ಈ ಅವತಾರದಲ್ಲಿ ಯಾರಾದ್ರೂ ವಿಡಿಯೋ ತೆಗೀತಾರಾ?' ಎಂದು ಗಂಡನನ್ನು ಗದರಿದಳು. ಗೋಡೆಯ ಫೋಟೋದ ಆ ಸಾಧ್ವಿಗೂ ಈ ಬಾಯಿಬಡುಕಿಗೂ ಸಂಬಂಧವೇ ಇರಲಿಲ್ಲ. ರಂಜಿನಿ ಅಳುತ್ತಲೇ ನಕ್ಕುಬಿಟ್ಟಳು. ಆ ಗದರುವ ದನಿ ಥೇಟ್ ಅವಳದೇ.

ಪುಷ್ಪಾ ಕಣ್ಣು ಮಿಟುಕಿಸದೆ ನೋಡಿದಳು. ಅಯ್ಯೋ, ಇವಳು ಎಷ್ಟು ಚಿಕ್ಕವಳು! ಈಗಿನ ರಂಜಿನಿಗಿಂತ ಚಿಕ್ಕವಳು. ಈ ಹುಡುಗಿಯ ಮೇಲಾ ತಾನು ಹೊಟ್ಟೆಕಿಚ್ಚು ಪಟ್ಟದ್ದು, ಈ ಹುಡುಗಿಗಾ ಹೆದರಿದ್ದು? ಅಕ್ಕ ಅಕ್ಕ ಎಂದು ಪೂಜೆ ಮಾಡಿದವಳು ತನ್ನ ಮಗಳ ವಯಸ್ಸಿನ ಕೂಸಾಗಿದ್ದಳು.

ಪರದೆಯ ಮೇಲೆ ಮಗು ಕೈಕಾಲು ಬಡಿದು ರಚ್ಚೆ ಹಿಡಿಯಿತು. ದಿವ್ಯಶ್ರೀಗೆ ಸಾಕಾಗಿಹೋಗಿತ್ತು. 'ಆ ಕ್ಯಾಮೆರಾ ಬಿಸಾಕಿ ಇವಳನ್ನ ಒಂದ್ಚೂರು ಹಿಡ್ಕೊಳ್ರೀ. ಬೆಳಗ್ಗಿಂದ ಅಳ್ತಾನೇ ಇದಾಳೆ. ನನ್ ಕೈಲಿ ಆಗಲ್ಲ' ಎನ್ನುತ್ತಾ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಚಾಚಿದಳು. ಬೀರಪ್ಪ ನಗುತ್ತಾ 'ತಡಿಯೇ, ತಡಿ' ಎಂದ. 'ಹಿಡ್ಕೊಳ್ರೀ!' ಎಂದಳು ಅವಳು. ಅಳುವ ಮಗು ಹತ್ತಿರ ಹತ್ತಿರ ಬಂದು ಪರದೆಯ ತುಂಬ ತುಂಬಿಕೊಂಡಿತು.

ಪುಷ್ಪಾ ಯಾವಾಗ ಕುರ್ಚಿ ಬಿಟ್ಟು ಎದ್ದಳೋ ಅವಳಿಗೇ ತಿಳಿಯದು. ಎರಡೂ ಕೈ ಮುಂದೆ ಚಾಚಿ, 'ಕೊಡಮ್ಮ, ಕೊಡು' ಎಂದು ಪರದೆಯ ಹತ್ತಿರಕ್ಕೆ ಹೋಗಿದ್ದಳು.

ಚಿತ್ರ ಗಕ್ಕನೆ ನಿಂತು ಬಿಳಿ ಧೂಳಾಯಿತು. ಕ್ಯಾಸೆಟ್ಟಿನಲ್ಲಿ ಇದ್ದದ್ದೇ ಅಷ್ಟು. ಪುಷ್ಪಾಳ ಕೈ ಇನ್ನೂ ಕೆಳಗಿಳಿದಿರಲಿಲ್ಲ. ಯೋಗರಾಜ್ ಮಿಷನ್ನು ಆರಿಸಿದ.

ರಂಜಿನಿ ಎದ್ದು ಬಂದು ಆ ಎರಡೂ ಕೈ ಹಿಡಿದುಕೊಂಡಳು.

'ಇಲ್ಲೇ ಇದೀನಲ್ಲಮ್ಮ' ಎಂದಳು.