ನಾಲ್ಕನೆಯ ಹೆಗಲು

"ಸ್ವಲ್ಪ ವಾರೆ ಮಾಡ್ರೋ, ಬಾಗಿಲು ತಗಲುತ್ತೆ!" ಸೋದರಮಾವ ಕೂಗಿದ. ಅಮ್ಮನ ಶವಪೆಟ್ಟಿಗೆಯ ಹಿಂದಿನ ಒಂದು ಮೂಲೆಗೆ ಹೆಗಲೇ ಇರಲಿಲ್ಲ. ಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಏದುಸಿರು ಬಿಡುತ್ತಿದ್ದಳು.

"ಬಿಡಮ್ಮ, ನಾನು ಹಿಡೀತೀನಿ."

ತಿರುಗಿ ನೋಡಿದಳು. ಅಮ್ಮನ ಮೊದಲ ಶಿಷ್ಯ. ಈಗ ನೀರು ಮಂಡಳಿಯ ದೊಡ್ಡ ಸಾಹೇಬ. ಓದುವಾಗ ಈ ಮನೆಯಲ್ಲೇ ಉಂಡು ಬೆಳೆದವನು. ಅವಳ ಬಾಯಲ್ಲಿ ಅಣ್ಣ.

"ನೀವು ಬೇಡ," ಎಂದಳು. ಅವನನ್ನು 'ನೀವು' ಎಂದದ್ದು ಅದೇ ಮೊದಲು.

*

ಕೆರೆಗೂ ಉಸಿರುಂಟು, ಅದನ್ನು ಅಳೆಯಬಹುದು ಎಂದು ಆ ಸೀಮೆಗೆ ಮೊದಲು ತೋರಿಸಿಕೊಟ್ಟವಳು ಅಮ್ಮ. ಊರವರು ನಗುತ್ತಿದ್ದರು: "ಕೆರೆಯಮ್ಮ ಮೀನಿಗೆ ನಾಡಿ ನೋಡೋಕೆ ಹೊರಟಳು!" ಅವಳು ದೋಣಿಯಿಂದ ಹಗ್ಗ ಇಳಿಬಿಟ್ಟು ತಳದ ನೀರನ್ನು ಬಾಟಲಿಗೆ ತುಂಬಿ, ಔಷಧಿಯ ಹನಿ ಬಿಡುತ್ತಿದ್ದಳು. ಎದುರಿಗೆ ಶಿಷ್ಯ, ಪಕ್ಕದಲ್ಲಿ ಪುಟ್ಟ ಮಗಳು.

"ಕಂದುಬಣ್ಣ ಬಂತಾ? ಉಸಿರಿದೆ. ಬೆಳ್ಳಗೇ ಉಳೀತಾ? ಮುಗೀತು, ಅಲ್ಲಿ ಹುಳ ಕೂಡ ಬದುಕಲ್ಲ."

ಕೆರೆಗೆ ಕಾರ್ಖಾನೆಯ ಕೊಳಚೆ ಕೊಳವೆ ಬಂದು ಸೇರಿದ ಮೇಲೆ ಬಾಟಲಿ ಬೆಳ್ಳಗೇ ಉಳಿಯತೊಡಗಿತು. ಮಂಡಳಿಯ ವಿಚಾರಣೆಗೆ ಅಮ್ಮ ಅದನ್ನೇ ಒಯ್ದು ಮೇಜಿನ ಮೇಲಿಟ್ಟಳು. ಶಿಷ್ಯ ಬಾಟಲಿಯ ಕಡೆ ಕಣ್ಣೆತ್ತದೆ, ಕೆರೆ ಇನ್ನೂ ತಡೆದುಕೊಳ್ಳುತ್ತದೆಂದು ಬರೆದು ರುಜು ಹಾಕಿದ.

"ಗೊತ್ತಿಲ್ಲದೆ ಮಾಡಿದ್ದಲ್ಲ ಕಣೇ," ಅಂದಿದ್ದಳು ಅಮ್ಮ, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯಲ್ಲಿ ನಿಂತು. "ಆ ಬಿಳೀ ಬಣ್ಣ ಅವನಿಗೆ ತೋರಿಸಿದ್ದೇ ನಾನು."

ಮರುವಾರ ದೋಣಿಯನ್ನು ಸೌದೆಗೆ ಕೊಟ್ಟಳು. ಆಮೇಲೆ ಕೆರೆಯ ಮಾತೆತ್ತಲಿಲ್ಲ. ಮಗಳು ಎತ್ತಿದರೆ ಎದ್ದು ಹೋಗುತ್ತಿದ್ದಳು.

*

"ಸಿಟ್ಟು ಆಮೇಲೆ ಮಾಡ್ಕೋ ತಾಯಿ," ಮಾವ ತಗ್ಗಿದ ದನಿಯಲ್ಲಿ ಅಂದ. "ಅರ್ಧ ಊರಿಗೆ ಆ ಕಾರ್ಖಾನೇದೇ ಅನ್ನ. ಇನ್ಯಾರು ಬರ್ತಾರೆ ನಿಮ್ಮಮ್ಮನ್ನ ಹೊರೋಕೆ?"

ಬೀದಿ ಖಾಲಿಯಿತ್ತು. ಅವಳ ತೋಳು ಸೋತುಬಂದಿತ್ತು. ಸರಿದು ನಿಂತಳು.

ಶಿಷ್ಯ ಹೆಗಲು ಕೊಟ್ಟ. ತುಸು ದೂರ ನಡೆದ ಮೇಲೆ, "ಅವರಿಗೆ ಒಂದು ಮಾತು ಹೇಳ್ಬೇಕಿತ್ತು," ಎಂದ.

"ಈಗ ಹೇಳಿ. ಅಮ್ಮ ಎದುರುತ್ತರ ಕೊಡಲ್ಲ."

ಅವನು ಹೆಗಲ ಮೇಲಿನ ಭಾರ ಸರಿಮಾಡಿಕೊಂಡು ಹೆಜ್ಜೆ ಹಾಕಿದ.

ಸ್ಮಶಾನಕ್ಕೆ ಕೆರೆಯಂಚಿನ ದಾರಿಯೊಂದೇ. ತಿರುವಿನಲ್ಲಿ ಗಾಳಿ ಎದ್ದು, ನೀರಿನ ಮೇಲಿನ ಹಳದಿ ನೊರೆ ರಸ್ತೆಗೆ ಹಾರಿತು. ಎದುರಿಗೆ ಬಂದ ದೂರದೂರಿನ ಬಸ್ಸು ಹೆಣಕ್ಕೆ ದಾರಿಬಿಟ್ಟು ನಿಂತಿತು. ಒಳಗಿದ್ದವರಿಗೆ ನೊರೆಯ ನಾತ ಬಡಿದಿರಬೇಕು. ಅವರು ಕೆರೆಯತ್ತ ನೋಡಲೇ ಇಲ್ಲ. ಪೆಟ್ಟಿಗೆಯನ್ನು ನೋಡಿ, ಮೂಗು ಮುಚ್ಚಿಕೊಂಡು, ಒಂದೊಂದಾಗಿ ಕಿಟಕಿಗಳನ್ನು ಎಳೆದುಕೊಂಡರು.